ಎಣ್ಣೆಯೊಳಗಿನ ಹನಿ ನೀರು: ವಿಲೋಮ ಮಿಸೆಲ್‌ಗಳಲ್ಲಿ ಕಿಣ್ವಗಳ ಕಾರ್ಯ

ಡಾಕ್ಯುಸೇಟ್ ಎಂಬ ಔಷಧದ ಹೆಸರನ್ನು ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅನೇಕರು ಕೇಳಿರಬಹುದು. ಮಲವನ್ನು ಮೆದುಗೊಳಿಸಲೆಂದು 1950ರ ದಶಕದಿಂದ ಬಳಕೆಯಲ್ಲಿರುವ ಈ ಗುಳಿಗೆ ವೈದ್ಯರ ಚೀಟಿಯಿಲ್ಲದೆಯೇ ಎಲ್ಲ ಔಷಧದಂಗಡಿಗಳಲ್ಲಿ ದೊರೆಯುತ್ತದೆ. ಅದರ ಪ್ರಯೋಜನಕ್ಕೆ ಇರುವ ಆಧಾರ ದುರ್ಬಲವೆಂದು ಇತ್ತೀಚಿನ ವರ್ಷಗಳಲ್ಲಿ ಅನೇಕ ವೈದ್ಯರು ಅದನ್ನು ಬರೆದುಕೊಡುವುದನ್ನು ನಿಲ್ಲಿಸಿದ್ದಾರೆ, ನಾನೂ ನಿಲ್ಲಿಸಿದ್ದೇನೆ. ಆದರೆ ಇದೇ ಅಣುವಿಗೆ ರಸಾಯನಶಾಸ್ತ್ರದಲ್ಲಿ ಎಒಟಿ ಎಂಬ ಮತ್ತೊಂದು ಹೆಸರಿದೆ. ಆ ಹೆಸರಿನಲ್ಲಿ ಅದು ಮಾಡಿರುವ ಕೆಲಸ ಔಷಧವಾಗಿ ಮಾಡಿದ್ದಕ್ಕಿಂತ ಬಹಳ ದೊಡ್ಡದು. ನೀರಿನಲ್ಲಿ ಮಾತ್ರ ಬಾಳಬಲ್ಲವೆಂದು ನಾವೆಲ್ಲ ನಂಬಿದ್ದ ಕಿಣ್ವಗಳನ್ನು ಎಣ್ಣೆಯಂಥ ದ್ರವದ ನಡುವೆ ಜೀವಂತವಾಗಿ ಇರಿಸಿ, ಅವುಗಳಿಂದ ಕೆಲಸ ಮಾಡಿಸಿದ್ದು ಈ ಅಣುವೇ.

ಮೈಸೂರಿನಲ್ಲಿ ವೈದ್ಯಕೀಯ ಓದುತ್ತಿದ್ದಾಗ ಜೀವರಸಾಯನಶಾಸ್ತ್ರದ ತರಗತಿಯಲ್ಲಿ ನಾನು ಕಲಿತ ಪಾಠ ಸರಳವಾಗಿತ್ತು: ಕಿಣ್ವವೆಂದರೆ ಪ್ರೋಟೀನು, ಕಾಯಿಸಿದರೆ ಅದು ಕೆಡುತ್ತದೆ, ಆಮ್ಲ ಹೆಚ್ಚಾದರೆ ಕೆಡುತ್ತದೆ, ಅಸಿಟೋನ್, ಕ್ಲೋರೊಫಾರ್ಮ್‌ಗಳಂಥ ದ್ರಾವಕಗಳು ತಾಕಿದರೆ ಕೆಡುತ್ತದೆ. ಪರೀಕ್ಷೆಗೆ ಅಷ್ಟು ಸಾಕಾಗಿತ್ತು. ಮೂವತ್ತು ವರ್ಷಗಳ ಬಳಿಕ, ಇಲ್ಲಿ ಮಾರ್ಗನ್ ಹಿಲ್‌ನಲ್ಲಿ, ಹಿರಿಯ ರೋಗಿಯೊಬ್ಬರ ವಿಷಯದಲ್ಲಿ ನಾನು ಮಾಡಿದ ತಪ್ಪೊಂದು ನನ್ನನ್ನು ಮತ್ತೆ ಕಿಣ್ವಗಳ ಪುಸ್ತಕದ ಮುಂದೆ ಕೂರಿಸಿತು. ಆ ಪ್ರಸಂಗವನ್ನು ಲೇಖನದ ಕೊನೆಯಲ್ಲಿ ಹೇಳುತ್ತೇನೆ. ಆ ಓದಿನಲ್ಲಿ ಎದುರಾದ ವಿಲೋಮ ಮಿಸೆಲ್ ಎಂಬ ಪುಟ್ಟ ವ್ಯವಸ್ಥೆಯೇ ಈ ಲೇಖನದ ವಸ್ತು.

ಮಿಸೆಲ್ ಮತ್ತು ಅದರ ವಿಲೋಮ

ಸಾಬೂನಿನ ಅಣುವಿಗೆ ಒಂದು ತಲೆ, ಒಂದು ಬಾಲ. ತಲೆಗೆ ನೀರೆಂದರೆ ಪ್ರೀತಿ. ಬಾಲಕ್ಕೆ ಎಣ್ಣೆಯೆಂದರೆ ಪ್ರೀತಿ. ಇಂಥ ಅಣುಗಳನ್ನು ಸಾಕಷ್ಟು ಪ್ರಮಾಣದಲ್ಲಿ ನೀರಿಗೆ ಹಾಕಿದಾಗ ಅವು ಗುಂಪುಗೂಡಿ, ಬಾಲಗಳನ್ನು ಒಳಗೆ ಬಚ್ಚಿಟ್ಟು, ತಲೆಗಳನ್ನು ಹೊರಗೆ ನೀರಿನತ್ತ ಚಾಚಿ ಸಣ್ಣ ಗೋಳಗಳಾಗುತ್ತವೆ. ಈ ಗೋಳವೇ ಮಿಸೆಲ್. ಜಿಡ್ಡಿನ ಪಾತ್ರೆ ಸಾಬೂನಿನಿಂದ ಶುಭ್ರವಾಗುವುದೂ, ತಿಂದ ತುಪ್ಪ ಪಿತ್ತರಸದ ಲವಣಗಳ ನೆರವಿನಿಂದ ನಮ್ಮ ಸಣ್ಣಕರುಳಿನಲ್ಲಿ ಜೀರ್ಣವಾಗಿ ಹೀರಲ್ಪಡುವುದೂ ಇಂಥ ಗೋಳಗಳಿಂದಲೇ.

ಈಗ ಚಿತ್ರವನ್ನು ತಿರುವುಮುರುವು ಮಾಡೋಣ. ಸುತ್ತಲೂ ಇರುವುದು ನೀರಲ್ಲ, ಎಣ್ಣೆಯ ಗುಣದ ದ್ರವ. ಅದರಲ್ಲಿ ಸಾಬೂನಿನ ಜಾತಿಯ ಅಣುಗಳೂ ಸ್ವಲ್ಪವೇ ಸ್ವಲ್ಪ ನೀರೂ ಇವೆ. ಆಗ ಬಾಲಗಳು ಹೊರಕ್ಕೆ ಚಾಚುತ್ತವೆ, ತಲೆಗಳು ಒಳಮುಖವಾಗಿ ಕೂಡಿ ನೀರನ್ನು ನಡುವೆ ಸುತ್ತುವರಿಯುತ್ತವೆ. ಎಣ್ಣೆಯ ಸಾಗರದಲ್ಲಿ ಲೆಕ್ಕವಿಲ್ಲದಷ್ಟು ನೀರಿನ ಹನಿಗಳು, ಒಂದೊಂದು ಹನಿಗೂ ಒಂದು ಗೋಡೆ. ಇದೇ ವಿಲೋಮ ಮಿಸೆಲ್. ಹನಿಗಳು ಬೆಳಕಿನ ಅಲೆಯುದ್ದಕ್ಕಿಂತ ಬಹಳ ಚಿಕ್ಕವಾದ್ದರಿಂದ ಮಿಶ್ರಣ ಹಾಲಿನಂತೆ ಬೆಳ್ಳಗೆ ಕಾಣುವುದಿಲ್ಲ. ನೋಡುವವರಿಗೆ ಅದು ತಿಳಿಯಾದ ಒಂದೇ ದ್ರವ.

ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಬಳಸುವ ಜೋಡಿ ಎಒಟಿ ಮತ್ತು ಐಸೊಆಕ್ಟೇನ್. ಕಾರಿಗೆ ಇಂಧನ ತುಂಬಿಸುವಾಗ ಪಂಪಿನ ಮೇಲೆ ನಾವು ಕಾಣುವ 87, 89, 91 ಎಂಬ ಅಂಕಿಗಳ ಮಾನದಂಡದಲ್ಲಿ ನೂರು ಎಂದು ಗೊತ್ತುಪಡಿಸಿರುವ ದ್ರವವೇ ಈ ಐಸೊಆಕ್ಟೇನ್. ಎಒಟಿಗೆ ಒಂದರ ಬದಲು ಎರಡು ಬಾಲಗಳಿವೆ, ಅವೂ ಕವಲೊಡೆದವು. ತಲೆ ಕಿರಿದು, ಬಾಲದ ಕಡೆ ಅಗಲ. ಹೀಗೆ ಬೆಣೆಯಾಕಾರದಲ್ಲಿರುವುದರಿಂದ ತಲೆಗಳು ಒಳಬಾಗಿ ಗೋಳವಾಗುವುದು ಅದಕ್ಕೆ ಸಹಜ. ಬೇರೆ ಯಾವ ಸಹಾಯಕ ವಸ್ತುವೂ ಬೇಕಾಗುವುದಿಲ್ಲ.

ಈ ವ್ಯವಸ್ಥೆಯ ಲೆಕ್ಕಾಚಾರವೆಲ್ಲ ಒಂದೇ ಸಂಖ್ಯೆಯ ಮೇಲೆ ನಿಂತಿದೆ: ಎಒಟಿಯ ಒಂದೊಂದು ಅಣುವಿಗೆ ನೀರಿನ ಅಣುಗಳೆಷ್ಟು ಎಂಬುದು. ಇದನ್ನು ಜಲಾನುಪಾತ ಎಂದು ಕರೆಯೋಣ. ಜಲಾನುಪಾತ 2 ಇದ್ದರೆ ಹನಿಯ ಅಡ್ಡಳತೆ ಸುಮಾರು 1.7 ನ್ಯಾನೊಮೀಟರ್, ಒಳಗಿರುವ ನೀರಿನ ಅಣುಗಳು ಸುಮಾರು 40 ಮಾತ್ರ. 10 ಇದ್ದರೆ ಅಡ್ಡಳತೆ ಸುಮಾರು 4 ನ್ಯಾನೊಮೀಟರ್, ನೀರಿನ ಅಣುಗಳು ಸುಮಾರು ಒಂದು ಸಾವಿರ. 60ಕ್ಕೆ ಏರಿದರೆ ಹನಿ 28 ನ್ಯಾನೊಮೀಟರಿನಷ್ಟಾಗಿ, ಲಕ್ಷಗಟ್ಟಲೆ ನೀರಿನ ಅಣುಗಳನ್ನು ಹಿಡಿಯುತ್ತದೆ. ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು. ನೀರನ್ನು ಹೆಚ್ಚು ಕಡಿಮೆ ಮಾಡಿ ಹನಿಯ ಗಾತ್ರವನ್ನು ಬೇಕಾದಂತೆ ಗೊತ್ತುಪಡಿಸಬಹುದೆಂಬುದೇ ವಿಲೋಮ ಮಿಸೆಲ್‌ನ ದೊಡ್ಡ ಅನುಕೂಲ.

ಇತಿಹಾಸದ ಕೆಲವು ಹೆಜ್ಜೆಗಳು

ಎಣ್ಣೆಯಲ್ಲಿ ನೀರು ಹೀಗೆ ತಿಳಿಯಾಗಿ ಅಡಗಿರಬಲ್ಲದೆಂಬುದನ್ನು ಹೋರ್ ಮತ್ತು ಶುಲ್ಮನ್ ಎಂಬಿಬ್ಬರು 1943ರಲ್ಲಿಯೇ ವಿವರಿಸಿದ್ದರು. ಆ ಹನಿಯೊಳಗೆ ಕಿಣ್ವವನ್ನು ಇರಿಸುವ ಪ್ರಯತ್ನಗಳು ಗಟ್ಟಿಯಾಗಿ ನೆಲೆಗೊಂಡದ್ದು 1977ರಲ್ಲಿ. ಆ ವರ್ಷ ಮಾಸ್ಕೋದಲ್ಲಿ ಕರೆಲ್ ಮಾರ್ಟಿನೆಕ್, ಆಂಡ್ರೆ ಲೆವಾಶೊವ್ ಮತ್ತು ಅವರ ಸಂಗಡಿಗರು ಕೈಮೋಟ್ರಿಪ್ಸಿನ್, ಪೆರಾಕ್ಸಿಡೇಸ್ ಎಂಬ ಕಿಣ್ವಗಳು ಸಾವಯವ ದ್ರಾವಕದ ನಡುವೆಯೂ ಕೆಲಸ ಮಾಡುವುದನ್ನು ತೋರಿಸಿದರು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಝ್ಯೂರಿಕ್‌ನಲ್ಲಿ ಪಿಯರ್ ಲುಯಿಜಿ ಲುಯಿಸಿ ಅವರ ತಂಡ ಕೈಮೋಟ್ರಿಪ್ಸಿನ್ ಅನ್ನು ಸೈಕ್ಲೊಹೆಕ್ಸೇನ್‌ನಲ್ಲಿ ಕರಗಿಸಿದ ವರದಿ ಪ್ರಕಟಿಸಿತು.

ಬಳಿಕದ ವರ್ಷಗಳಲ್ಲಿ ಹತ್ತಾರು ಕಿಣ್ವಗಳು ಈ ಪರೀಕ್ಷೆಗೆ ಒಳಗಾದವು. ಮಾರ್ಗನ್ ಹಿಲ್ ಅಣಬೆಯ ಕೃಷಿಗೂ ಅಣಬೆಯ ಉತ್ಸವಕ್ಕೂ ಹೆಸರಾದ ಊರು. ಕತ್ತರಿಸಿಟ್ಟ ಅಣಬೆಯನ್ನು ಕಂದುಬಣ್ಣಕ್ಕೆ ತಿರುಗಿಸುವ ಟೈರೋಸಿನೇಸ್ ಎಂಬ ಕಿಣ್ವವೂ ಹೀಗೆ ವಿಲೋಮ ಮಿಸೆಲ್‌ನೊಳಗೆ ಪರೀಕ್ಷಿಸಲ್ಪಟ್ಟವುಗಳಲ್ಲಿ ಒಂದು.

ಒಳಗೆ ಸೇರಿದ ಪ್ರೋಟೀನು ತನ್ನ ಆಕಾರವನ್ನು ಉಳಿಸಿಕೊಳ್ಳುತ್ತದೆಯೇ ಎಂಬ ಪ್ರಶ್ನೆ ಸಹಜ. ಜೋಶುವಾ ವಾಂಡ್ ಮತ್ತು ಸಂಗಡಿಗರು 1998ರಲ್ಲಿ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನನ್ನು ವಿಲೋಮ ಮಿಸೆಲ್‌ನೊಳಗೆ ಇರಿಸಿ, ಎನ್‌ಎಂಆರ್ ಉಪಕರಣದಿಂದ ಅದರ ರಚನೆಯನ್ನು ಸ್ಪಷ್ಟವಾಗಿ ಕಂಡರು. ಸರಿಯಾದ ಸ್ಥಿತಿಯಲ್ಲಿ ಪ್ರೋಟೀನು ಎಣ್ಣೆಯ ನಡುವೆಯೂ ತನ್ನ ಸಹಜ ಮಡಿಕೆಯನ್ನು ಬಿಡುವುದಿಲ್ಲ.

ಹನಿಯೊಳಗಿನ ನೀರು ಎಂಥ ನೀರು?

ಎಣ್ಣೆಯಲ್ಲಿ ಕಿಣ್ವ ಹೇಗೆ ಉಳಿಯಿತು ಎಂದು ಕೇಳಿದರೆ, ಅದು ಎಣ್ಣೆಯನ್ನು ಮುಟ್ಟಲೇ ಇಲ್ಲ ಎಂಬುದು ಮೊದಲ ಉತ್ತರ. ಹಲಸಿನ ಹಣ್ಣು ಬಿಡಿಸುವಾಗ ಮೇಣ ಅಂಟದಿರಲೆಂದು ನಮ್ಮ ಹಿರಿಯರು ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುವುದುಂಟು. ತೆಳುವಾದ ಒಂದು ಪದರ ಎರಡನ್ನು ಬೇರ್ಪಡಿಸುತ್ತದೆ. ಇಲ್ಲಿ ಕಿಣ್ವದ ಮೈಗೆ ಸವರಿರುವುದು ಎಣ್ಣೆಯಲ್ಲ, ನೀರು. ಅದರಾಚೆಗೆ ಎಒಟಿಯ ಗೋಡೆ, ಗೋಡೆಯಾಚೆ ಐಸೊಆಕ್ಟೇನ್.

ಆದರೆ ಈ ನೀರು ನಾವು ಲೋಟದಲ್ಲಿ ಕುಡಿಯುವ ನೀರಿನಂತೆ ವರ್ತಿಸುವುದಿಲ್ಲ. ಮಾರ್ಗನ್ ಹಿಲ್‌ನಿಂದ ಉತ್ತರಕ್ಕೆ ಸುಮಾರು ಒಂದು ಗಂಟೆಯ ಹಾದಿಯಲ್ಲಿರುವ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಫೇಯರ್ ಅವರ ತಂಡ ಅತಿ ಕ್ಷಿಪ್ರವಾದ ಅವಕೆಂಪು ಲೇಸರ್ ಮಿಡಿತಗಳಿಂದ ಈ ನೀರಿನ ಚಲನೆಯನ್ನು ಅಳೆದಿದೆ. ಸಾಮಾನ್ಯ ನೀರಿನಲ್ಲಿ ಒಂದು ಅಣು ತನ್ನ ದಿಕ್ಕು ಬದಲಿಸಲು ಬೇಕಾಗುವ ಕಾಲ ಸುಮಾರು 2.6 ಪಿಕೊಸೆಕೆಂಡು, ಒಂದು ಪಿಕೊಸೆಕೆಂಡು ಎಂದರೆ ಸೆಕೆಂಡಿನ ಲಕ್ಷ ಕೋಟಿಯ ಒಂದು ಪಾಲು. ಎಒಟಿಯ ಗೋಡೆಗೆ ತಾಗಿಕೊಂಡ ನೀರಿಗೆ ಅದೇ ಕೆಲಸಕ್ಕೆ ಸುಮಾರು 18 ಪಿಕೊಸೆಕೆಂಡು ಬೇಕು. ಹನಿ ದೊಡ್ಡದಾಗಿದ್ದರೆ ನಡುವೆ ಸಾಮಾನ್ಯ ನೀರು, ಅಂಚಿನಲ್ಲಿ ನಿಧಾನದ ನೀರು ಎಂದು ಎರಡು ಬಗೆ ಇರುತ್ತವೆ. ಹನಿ ಬಹಳ ಚಿಕ್ಕದಾದರೆ ಸಾಮಾನ್ಯ ನೀರೆಂಬುದೇ ಇರುವುದಿಲ್ಲ; ಎಲ್ಲವೂ ಅಂಚಿನ ನೀರೇ.

ಪ್ರೋಟೀನುಗಳ ಮೈಗೆ ಹತ್ತಿಕೊಂಡಿರುವ ಇಂಥ ನೀರಿನ ಸಿದ್ಧಾಂತಕ್ಕೆ ಬೆಂಗಳೂರಿನ ಕೊಡುಗೆ ಗಣನೀಯವಾದುದು. ಭಾರತೀಯ ವಿಜ್ಞಾನ ಸಂಸ್ಥೆಯ ಬಿಮನ್ ಬಾಗ್ಚಿ ಅವರು ನೀಲಾಶಿಸ್ ನಂದಿ ಅವರೊಡನೆ 1997ರಲ್ಲಿ ಒಂದು ಮಾದರಿಯನ್ನು ಮುಂದಿಟ್ಟರು. ಪ್ರೋಟೀನಿಗೆ ಕಟ್ಟುಬಿದ್ದ ನೀರಿನ ಅಣು ಶಾಶ್ವತವಾಗಿ ಕಟ್ಟುಬಿದ್ದಿರುವುದಿಲ್ಲ. ಬಿಡುವುದು, ಮತ್ತೆ ಕಟ್ಟುಬೀಳುವುದು ಸದಾ ನಡೆಯುತ್ತಿರುತ್ತದೆ, ಈ ಕೊಡುಕೊಳೆಯೇ ನೀರಿನ ನಿಧಾನಗತಿಯನ್ನು ವಿವರಿಸುತ್ತದೆ ಎಂಬುದು ಅದರ ತಿರುಳು. ಕೋಲ್ಕತ್ತದ ಕಂಕನ್ ಭಟ್ಟಾಚಾರ್ಯ ಅವರು ವಿಲೋಮ ಮಿಸೆಲ್‌ನೊಳಗಿನ ನೀರಿನ ಮೇಲೆ ನಡೆಸಿದ ಪ್ರಯೋಗಗಳು ಇದೇ ಚರ್ಚೆಗೆ ಸೇರಿದವು. ಮೂವರೂ ಸೇರಿ ಬರೆದ ಸಮೀಕ್ಷೆ 2000ದಲ್ಲಿ ಪ್ರಕಟವಾಯಿತು.

ವೈದ್ಯನಾದ ನನಗೆ ಇದು ಮುಖ್ಯವೆನಿಸಿದ್ದು ಬೇರೊಂದು ಕಾರಣಕ್ಕೆ. ನಮ್ಮ ಜೀವಕೋಶದ ಒಳಗೂ ವಿಶಾಲವಾದ ನೀರಿನ ಕೊಳವಿಲ್ಲ. ಪ್ರೋಟೀನುಗಳು, ಪೊರೆಗಳು, ನ್ಯೂಕ್ಲಿಯಿಕ್ ಆಮ್ಲಗಳು ಸಂತೆಯ ದಿನದ ಬೀದಿಯಂತೆ ಕಿಕ್ಕಿರಿದಿರುತ್ತವೆ. ಅವುಗಳ ನಡುವಿನ ಸಂದಿಗಳಲ್ಲಿ ನೀರು ಇರುತ್ತದೆ. ಕಿಣ್ವದ ವೇಗವನ್ನು ಅಳೆಯಲು ನಾವು ಬಳಸುವ ಪ್ರನಾಳದ ತೆಳು ದ್ರಾವಣವೇ ಕಿಣ್ವಕ್ಕೆ ಅಸಹಜವಾದ ಮನೆ. ವಿಲೋಮ ಮಿಸೆಲ್ ಜೀವಕೋಶವಲ್ಲ ನಿಜ, ಆದರೆ ನೀರು ಇಕ್ಕಟ್ಟಿನಲ್ಲಿದ್ದಾಗ ಏನಾಗುತ್ತದೆಂಬುದನ್ನು ಬಿಡಿಸಿ ನೋಡಲು ಅದೊಂದು ಸಾಧನ.

ಒಂದು ಹನಿ, ಒಂದು ಕಿಣ್ವ

ಹಾಗಾದರೆ ಒಳಗೆ ಕೆಲಸ ನಡೆಯುವುದು ಹೇಗೆ? ಒಂದು ಸರಳ ಲೆಕ್ಕ ಮಾಡೋಣ. ಜಲಾನುಪಾತ 10 ಇರುವ ಒಂದು ಹನಿಯ ಗೋಡೆಯಲ್ಲಿ ಸುಮಾರು ನೂರು ಎಒಟಿ ಅಣುಗಳಿರುತ್ತವೆ. ಸಾಮಾನ್ಯ ಪ್ರಯೋಗವೊಂದರಲ್ಲಿ ಕಿಣ್ವದ ಅಣುಗಳಿಗಿಂತ ಹನಿಗಳ ಸಂಖ್ಯೆ ಸಾವಿರ ಪಟ್ಟು ಹೆಚ್ಚು. ಆದ್ದರಿಂದ ಬಹುಪಾಲು ಹನಿಗಳು ಬರಿದು. ಕಿಣ್ವವಿರುವ ಹನಿಯಲ್ಲಿ ಇರುವುದು ಒಂದೇ ಅಣು. ಕೈಮೋಟ್ರಿಪ್ಸಿನ್‌ನ ಅಡ್ಡಳತೆಯೇ ಸುಮಾರು 4 ನ್ಯಾನೊಮೀಟರ್. ಅಷ್ಟು ದೊಡ್ಡ ಅತಿಥಿ ಬಂದಾಗ ಹನಿಯೂ ಸುಮ್ಮನಿರುವುದಿಲ್ಲ. ಅಕ್ಕಪಕ್ಕದ ಬರಿದು ಹನಿಗಳಿಂದ ನೀರನ್ನೂ ಎಒಟಿಯನ್ನೂ ಪಡೆದು ತನ್ನನ್ನು ಹಿಗ್ಗಿಸಿಕೊಳ್ಳುತ್ತದೆ.

ಪಡೆಯುವುದೆಂದರೆ ಹೇಗೆ? ಹನಿಗಳು ಸದಾ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿರುತ್ತವೆ. ಹೆಚ್ಚಿನ ಡಿಕ್ಕಿಗಳಲ್ಲಿ ಏನೂ ಆಗುವುದಿಲ್ಲ. ಸಾವಿರದಲ್ಲಿ ಒಂದರಂತೆ ಕೆಲವು ಡಿಕ್ಕಿಗಳಲ್ಲಿ ಎರಡು ಹನಿಗಳು ಕ್ಷಣಕಾಲ ಒಂದಾಗಿ, ಒಳಗಿದ್ದುದನ್ನು ಹಂಚಿಕೊಂಡು, ಮತ್ತೆ ಬೇರೆಯಾಗುತ್ತವೆ. ಕಿಣ್ವವು ಯಾವುದರ ಮೇಲೆ ಕೆಲಸ ಮಾಡುತ್ತದೆಯೋ ಅದನ್ನು ಗುರಿವಸ್ತು ಎನ್ನೋಣ. ಗುರಿವಸ್ತು ನೀರಿನಲ್ಲಿ ಕರಗುವಂಥದ್ದಾದರೆ ಅದು ಹನಿಯಿಂದ ಹನಿಗೆ ಸಾಗಿ ಕಿಣ್ವವನ್ನು ತಲುಪುವುದು ಈ ಹಂಚಿಕೆಯಿಂದ. ಎಣ್ಣೆಯಲ್ಲಿ ಕರಗುವಂಥದ್ದಾದರೆ ಅದು ಹೊರಗಿನ ದ್ರಾವಕದಿಂದ ಗೋಡೆಯ ಬಳಿಗೆ ಬಂದು ಅಲ್ಲಿಯೇ ಕಿಣ್ವವನ್ನು ಸಂಧಿಸುತ್ತದೆ. ನೀರಿನಲ್ಲಿ ಕರಗದ ಕೊಬ್ಬು, ಸ್ಟೀರಾಯ್ಡ್ ಮೊದಲಾದವುಗಳನ್ನು ನೀರಿಲ್ಲದೆ ಬಾಳದ ಕಿಣ್ವದೊಡನೆ ಹೀಗೆ ಒಂದೇ ಪಾತ್ರೆಯಲ್ಲಿ ಕೂಡಿಸಬಹುದು.

ಕ್ರಿಯೆಯ ಒಳವಿವರ ಮಾತ್ರ ಬದಲಾಗುವುದಿಲ್ಲ. ಕೈಮೋಟ್ರಿಪ್ಸಿನ್ ನಮ್ಮ ಮೇದೋಜೀರಕ ಗ್ರಂಥಿ ಸ್ರವಿಸುವ ಕಿಣ್ವ. ಪ್ರೋಟೀನನ್ನು ತುಂಡರಿಸುವುದು ಅದರ ಕೆಲಸ. ಅದರ ಸಕ್ರಿಯ ತಾಣದಲ್ಲಿ 57ನೆಯ ಸ್ಥಾನದ ಹಿಸ್ಟಿಡಿನ್, 102ನೆಯ ಸ್ಥಾನದ ಆಸ್ಪಾರ್ಟೇಟ್, 195ನೆಯ ಸ್ಥಾನದ ಸೆರಿನ್ ಎಂಬ ಮೂರು ಅಮೈನೊ ಆಮ್ಲಗಳು ಕೈಜೋಡಿಸುತ್ತವೆ. ಮೊದಲ ಹಂತದಲ್ಲಿ ಸೆರಿನ್ ಗುರಿವಸ್ತುವಿನ ಒಂದು ತುಂಡನ್ನು ತನಗೆ ಅಂಟಿಸಿಕೊಳ್ಳುತ್ತದೆ. ಎರಡನೆಯ ಹಂತದಲ್ಲಿ ನೀರಿನ ಅಣುವೊಂದು ಬಂದು ಆ ತುಂಡನ್ನು ಬಿಡಿಸುತ್ತದೆ. ನೀರಿನ ಈ ಎರಡನೆಯ ಪಾತ್ರವನ್ನು ನೆನಪಿನಲ್ಲಿಡಬೇಕು. ಮುಂದೆ ಅದು ಬೇಕಾಗುತ್ತದೆ.

ಗಂಟೆಯಾಕಾರದ ರೇಖೆ

ಜಲಾನುಪಾತವನ್ನು ಸೊನ್ನೆಯ ಬಳಿಯಿಂದ ಏರಿಸುತ್ತ ಹೋಗಿ ಕಿಣ್ವದ ವೇಗವನ್ನು ಅಳೆದರೆ ಅನೇಕ ಕಿಣ್ವಗಳಲ್ಲಿ ದೊರೆಯುವ ರೇಖೆ ದೇವಸ್ಥಾನದ ಗಂಟೆಯ ಆಕಾರದ್ದು. ನೀರು ತೀರ ಕಡಿಮೆಯಿದ್ದಾಗ ಅದೆಲ್ಲ ಎಒಟಿಯ ತಲೆಗಳಿಗೂ ಸೋಡಿಯಂ ಅಯಾನುಗಳಿಗೂ ಕಟ್ಟುಬಿದ್ದಿರುತ್ತದೆ. ಕಿಣ್ವ ಸೆಟೆದುಕೊಂಡು ಅಲುಗಾಡಲಾರದು. ನೀರು ಹೆಚ್ಚಿದಂತೆ ವೇಗ ಏರುತ್ತದೆ. ಒಂದು ಘಟ್ಟದಲ್ಲಿ ಶಿಖರ ಮುಟ್ಟಿ, ನೀರು ಇನ್ನೂ ಹೆಚ್ಚಾದರೆ ಇಳಿಯುತ್ತದೆ. ಆ ಶಿಖರ ಬರುವುದು ಹನಿಯ ಒಳಗಾತ್ರ ಕಿಣ್ವದ ಗಾತ್ರಕ್ಕೆ ಹೆಚ್ಚುಕಡಿಮೆ ಸಮನಾದಾಗ ಎಂಬುದು ಮಾಸ್ಕೋ ತಂಡದ ಮುಖ್ಯ ಅವಲೋಕನ. ಚಿಕ್ಕ ಕಿಣ್ವಕ್ಕೆ ಶಿಖರ ಬೇಗ ಬರುತ್ತದೆ, ದೊಡ್ಡದಕ್ಕೆ ತಡವಾಗಿ. ಅಳತೆಗೆ ಹೊಲಿದ ಅಂಗಿಯಂತೆ ಗೋಡೆ ಕಿಣ್ವವನ್ನು ಸುತ್ತುವರಿದು, ಅನಗತ್ಯ ತೊನೆದಾಟವನ್ನು ತಡೆದು, ಕ್ರಿಯೆಗೆ ಅನುಕೂಲವಾದ ಭಂಗಿಯಲ್ಲಿ ಹಿಡಿದಿಡುತ್ತದೆ ಎಂದು ಅವರು ಇದನ್ನು ವಿವರಿಸಿದರು.

ಇನ್ನೂ ಅಚ್ಚರಿಯೆಂದರೆ, ಕೆಲವು ಕಿಣ್ವಗಳು ಶಿಖರದಲ್ಲಿ ಸಾಮಾನ್ಯ ನೀರಿನಲ್ಲಿದ್ದುದಕ್ಕಿಂತಲೂ ಹೆಚ್ಚು ವೇಗವನ್ನು ತೋರುತ್ತವೆ. ಇದನ್ನು ಅತಿಸಕ್ರಿಯತೆ ಎನ್ನುತ್ತಾರೆ. ಪೆರಾಕ್ಸಿಡೇಸ್‌ನಂಥ ಕಿಣ್ವಗಳಲ್ಲಿ ಇದು ಹತ್ತಾರು ಪಟ್ಟು ಎಂದು ವರದಿಯಾಗಿದೆ. ಆದರೆ ಇಲ್ಲಿ ಎಚ್ಚರ ಬೇಕು. ಗುರಿವಸ್ತು ಇಡೀ ಪಾತ್ರೆಯಲ್ಲಿ ಸಮನಾಗಿ ಹರಡಿರುವುದಿಲ್ಲ. ಅದು ಗೋಡೆಯ ಬಳಿ ಅಥವಾ ಹನಿಯೊಳಗೆ ದಟ್ಟೈಸಿದ್ದರೆ, ಕಿಣ್ವ ಬಲಗೊಳ್ಳದಿದ್ದರೂ ವೇಗ ಹೆಚ್ಚಿದಂತೆ ತೋರುತ್ತದೆ. ಹನಿಯೊಳಗಿನ ಪಿಎಚ್ ಕೂಡ ನಾವು ಹಾಕಿದ ದ್ರಾವಣದ ಪಿಎಚ್‌ಗೆ ಸಮನಾಗಿರಬೇಕೆಂದಿಲ್ಲ. ಗೋಡೆಯ ವಿದ್ಯುದಂಶ ಅದನ್ನು ಬದಲಿಸುತ್ತದೆ. ಈ ಹಂಚಿಕೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಉಳಿಯುವ ಹೆಚ್ಚಳವೇ ನಿಜವಾದದ್ದು. ಲೈಪೇಸ್‌ನಂಥ ಕೆಲವು ಕಿಣ್ವಗಳಲ್ಲಿ ಗಂಟೆಯ ಆಕಾರವೂ ಯಾವಾಗಲೂ ಸಿಗುವುದಿಲ್ಲ, ಏಕೆಂದರೆ ಅವು ಕೆಲಸ ಮಾಡುವುದು ಹನಿಯ ನಡುವೆ ಅಲ್ಲ, ಅಂಚಿನಲ್ಲಿ.

ಒಡೆಯುವ ಕಿಣ್ವವೇ ಕಟ್ಟುವುದು

ಕಿಣ್ವವು ಕ್ರಿಯೆಯ ವೇಗವನ್ನು ಹೆಚ್ಚಿಸುತ್ತದೆ. ಕ್ರಿಯೆ ಯಾವ ದಿಕ್ಕಿಗೆ ಸಾಗಬೇಕೆಂಬುದನ್ನು ಅದು ನಿರ್ಧರಿಸುವುದಿಲ್ಲ. ನೀರು ಹೇರಳವಾಗಿದ್ದರೆ ಕೈಮೋಟ್ರಿಪ್ಸಿನ್ ಪ್ರೋಟೀನನ್ನು ಒಡೆಯುತ್ತದೆ, ಲೈಪೇಸ್ ಕೊಬ್ಬನ್ನು ಒಡೆಯುತ್ತದೆ. ನೀರು ವಿರಳವಾದಾಗ ಮೇಲೆ ಹೇಳಿದ ಎರಡನೆಯ ಹಂತದಲ್ಲಿ ನೀರಿನ ಬದಲು ಬೇರೊಂದು ಅಣು ಬಂದು ಆ ತುಂಡನ್ನು ಪಡೆಯಬಹುದು. ಆಗ ಆಗುವುದು ಒಡೆತವಲ್ಲ, ಬೆಸುಗೆ. ಉತ್ಪನ್ನವು ಎಣ್ಣೆಯಲ್ಲಿ ಕರಗುವಂಥದ್ದಾದರೆ ಅದು ಹುಟ್ಟಿದೊಡನೆ ಹನಿಯನ್ನು ಬಿಟ್ಟು ಹೊರಗೆ ಹೋಗುತ್ತದೆ. ಮತ್ತೆ ಒಡೆಯಲ್ಪಡುವ ಅಪಾಯದಿಂದ ಪಾರಾಗುತ್ತದೆ. 1984ರಲ್ಲಿ ಲ್ಯೂಥಿ ಮತ್ತು ಲುಯಿಸಿ ಇದೇ ಬಗೆಯಲ್ಲಿ ವಿಲೋಮ ಮಿಸೆಲ್‌ನೊಳಗೆ ಕಿಣ್ವದಿಂದ ಪೆಪ್ಟೈಡುಗಳನ್ನು ಕಟ್ಟಿಸಿದರು.

ಅದೇ 1984ರಲ್ಲಿ ಎಂಐಟಿಯ ಜ್ಯಾಕ್ಸ್ ಮತ್ತು ಕ್ಲಿಬನೊವ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರು ಮಿಸೆಲನ್ನೂ ಬಳಸಲಿಲ್ಲ. ಹಂದಿಯ ಮೇದೋಜೀರಕ ಗ್ರಂಥಿಯ ಲೈಪೇಸನ್ನು ಶೇಕಡ 99ರಷ್ಟು ಸಾವಯವ ದ್ರವದಲ್ಲಿ ಇಟ್ಟು ಕೆಲಸ ಮಾಡಿಸಿದರು. ನೀರನ್ನು ಇನ್ನೂ ಕಡಿಮೆ ಮಾಡಿದಾಗ ಅದು 100 ಡಿಗ್ರಿ ಸೆಲ್ಸಿಯಸ್ ಶಾಖವನ್ನು ಗಂಟೆಗಟ್ಟಲೆ ತಾಳಿಕೊಂಡಿತು. ನೀರಿನಲ್ಲಿ ಕುದಿಸಿದರೆ ಬೇಗನೆ ಕೆಡುವ ಪ್ರೋಟೀನು ಅದು. ಕೆಡುವುದಕ್ಕೂ ನೀರು ಬೇಕೆಂಬ ಪಾಠ ಇಲ್ಲಿದೆ. ಕಿಣ್ವಕ್ಕೆ ಕೊಳದಷ್ಟು ನೀರು ಬೇಡ, ಮೈಮುಚ್ಚುವಷ್ಟು ಸಾಕು. ಅದಿಲ್ಲದಿದ್ದರೆ ಮಾತ್ರ ಕೆಲಸವಿಲ್ಲ.

ಮೈಸೂರಿನ ಅನಾನಸ್

ಹಸಿ ಅನಾನಸ್ ಹೆಚ್ಚು ತಿಂದರೆ ನಾಲಿಗೆ ಚುರುಗುಟ್ಟುತ್ತದೆ. ಅದಕ್ಕೆ ಒಂದು ಕಾರಣ ಬ್ರೊಮೆಲೇನ್ ಎಂಬ, ಪ್ರೋಟೀನು ಒಡೆಯುವ ಕಿಣ್ವ. ಬೇಯಿಸಿದಾಗ ಈ ಕಿಣ್ವ ಕೆಡುವುದರಿಂದ ಅನಾನಸ್ ಗೊಜ್ಜಿನಲ್ಲಿಯೂ ಕೇಸರಿಬಾತಿನಲ್ಲಿಯೂ ಆ ಚುರುಕು ಇರುವುದಿಲ್ಲ. ಬನವಾಸಿ, ಸೊರಬದ ಕಡೆಯ ತೋಟಗಳನ್ನು ಕಂಡವರಿಗೆ ಗೊತ್ತು: ಹಣ್ಣು ಸಂಸ್ಕರಿಸುವಲ್ಲಿ ತಿರುಳಿಗಿಂತ ಸಿಪ್ಪೆ, ನಡುದಿಂಡು, ಜುಟ್ಟುಗಳ ರಾಶಿಯೇ ಕಣ್ಣಿಗೆ ಬೀಳುವುದು. ಆ ಕಸದಲ್ಲಿಯೂ ಬ್ರೊಮೆಲೇನ್ ಇದೆ.

ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ, 1950ರಲ್ಲಿ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಆರಂಭವಾಯಿತು. ವಿದ್ಯಾರ್ಥಿಯಾಗಿದ್ದಾಗ ಎಷ್ಟೋ ಬಾರಿ ಆ ಕಟ್ಟಡದ ಮುಂದೆ ಹಾದುಹೋಗಿದ್ದೇನೆ. ಅಲ್ಲಿನ ಉಮೇಶ್ ಹೆಬ್ಬಾರ್, ಸುಮನಾ ಮತ್ತು ಕೆ.ಎಸ್.ಎಂ.ಎಸ್. ರಾಘವರಾವ್ ಅವರು ಅನಾನಸ್ ಕಸದಿಂದ ಬ್ರೊಮೆಲೇನನ್ನು ವಿಲೋಮ ಮಿಸೆಲ್‌ಗಳ ಮೂಲಕ ಬೇರ್ಪಡಿಸಿದ ಅಧ್ಯಯನವನ್ನು 2008ರಲ್ಲಿ ಪ್ರಕಟಿಸಿದರು.

ವಿಧಾನದ ತರ್ಕ ಸೊಗಸಾದುದು. ಪ್ರೋಟೀನಿನ ಮೈಮೇಲಿನ ವಿದ್ಯುದಂಶ ಪಿಎಚ್ ಬದಲಾದಂತೆ ಬದಲಾಗುತ್ತದೆ. ಅನಾನಸ್ ರಸದ ಪಿಎಚ್ ಅನ್ನು 8ಕ್ಕೆ ಏರಿಸಿದಾಗ ಹಣ್ಣಿನ ಬ್ರೊಮೆಲೇನ್ ಋಣ ವಿದ್ಯುದಂಶ ಹೊಂದುತ್ತದೆ. ಆ ರಸವನ್ನು ಐಸೊಆಕ್ಟೇನ್‌ನಲ್ಲಿ ಸಿಟಿಎಬಿ ಎಂಬ ಧನ ವಿದ್ಯುದಂಶದ ಅಣುಗಳಿರುವ, ಜೊತೆಗೆ ಹೆಕ್ಸನಾಲ್ ಮತ್ತು ಬ್ಯುಟನಾಲ್ ಸೇರಿದ ದ್ರವದೊಡನೆ ಕಲಕಿದರೆ, ಋಣ ಧನಗಳ ಸೆಳೆತದಿಂದ ಕಿಣ್ವ ರಸವನ್ನು ಬಿಟ್ಟು ಹನಿಗಳೊಳಗೆ ಸೇರುತ್ತದೆ. ಸಕ್ಕರೆಯೂ ಇತರ ಅನೇಕ ವಸ್ತುಗಳೂ ರಸದಲ್ಲಿಯೇ ಉಳಿಯುತ್ತವೆ. ಆಮೇಲೆ ಆ ಎಣ್ಣೆಯ ಪದರವನ್ನು ಪಿಎಚ್ 4.2ರ ಹೊಸ ದ್ರಾವಣದೊಡನೆ ಕಲಕುತ್ತಾರೆ. ಈಗ ಕಿಣ್ವದ ವಿದ್ಯುದಂಶ ತಿರುಗಿ ಧನವಾಗುತ್ತದೆ. ಗೋಡೆ ಅದನ್ನು ಹೊರದೂಡುತ್ತದೆ, ಕಿಣ್ವ ಮತ್ತೆ ನೀರಿಗೆ ಬರುತ್ತದೆ. ಒಂದು ಬಾಗಿಲಿನಿಂದ ಕರೆದು ಇನ್ನೊಂದರಿಂದ ಕಳಿಸಿಕೊಟ್ಟಂತೆ.

ನಡುದಿಂಡಿನಿಂದ ಪಡೆದ ಕಿಣ್ವದ ಶುದ್ಧತೆ 5.2 ಪಟ್ಟು ಹೆಚ್ಚಿತು, ಸಕ್ರಿಯತೆ ಶೇಕಡ 106ರಷ್ಟು ಮರಳಿ ದೊರೆಯಿತು ಎಂದು ಅವರು ವರದಿ ಮಾಡಿದರು. ನೂರಕ್ಕಿಂತ ಹೆಚ್ಚು ಮರಳಿ ಬರುವುದು ಹೇಗೆಂದು ಓದುಗರು ಕೇಳಬಹುದು. ರಸದಲ್ಲಿ ಕಿಣ್ವಕ್ಕೆ ಅಡ್ಡಿಯಾಗಿದ್ದ ವಸ್ತುಗಳು ಹಿಂದೆ ಉಳಿದಾಗ ಹೀಗಾಗುವುದುಂಟು. ನನಗೆ ಹಿಡಿಸಿದ್ದು ಇನ್ನೊಂದು ಸಂಗತಿ: ಎಣ್ಣೆಯ ನಡುವೆ ಹೋಗಿ ಬಂದರೂ ಕಿಣ್ವ ತನ್ನ ಕಸುಬನ್ನು ಮರೆತಿರಲಿಲ್ಲ. ಎಂಐಟಿಯಲ್ಲಿ ಅಲನ್ ಹ್ಯಾಟನ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಬೆಳೆಸಿದ ತತ್ತ್ವ ಮೈಸೂರಿನಲ್ಲಿ ಅನಾನಸ್ ಸಿಪ್ಪೆಗೆ ಬೆಲೆ ತರುವ ವಿದ್ಯೆಯಾಯಿತು.

ಬ್ರೊಮೆಲೇನ್‌ಗೆ ವೈದ್ಯಕೀಯದಲ್ಲಿಯೂ ಸ್ಥಾನವಿದೆ. ಅನಾನಸ್ ಗಿಡದ ಕಾಂಡದಿಂದ ಪಡೆದ ಕಿಣ್ವಗಳ ಲೇಪವೊಂದಕ್ಕೆ, ಆಳವಾದ ಸುಟ್ಟಗಾಯಗಳ ಸತ್ತ ಚರ್ಮವನ್ನು ತೆಗೆಯಲು, ಅಮೆರಿಕದ ಎಫ್‌ಡಿಎ 2022ರ ಡಿಸೆಂಬರಿನಲ್ಲಿ ಅನುಮತಿ ನೀಡಿತು. ಅಂಗಡಿಗಳಲ್ಲಿ ಸಿಗುವ ಬ್ರೊಮೆಲೇನ್ ಮಾತ್ರೆಗಳಿಗೆ ಆ ಮಟ್ಟದ ಪುರಾವೆಯಿದೆಯೆಂದು ಯಾರೂ ಭಾವಿಸಬಾರದು. ಎರಡೂ ಬೇರೆ ಬೇರೆ.

ಇತಿಮಿತಿಗಳು

ಇಷ್ಟೆಲ್ಲ ಗುಣಗಳಿದ್ದರೂ ವಿಲೋಮ ಮಿಸೆಲ್‌ಗಳು ಕಾರ್ಖಾನೆಗಳನ್ನು ತುಂಬಿಲ್ಲ. ಉತ್ಪನ್ನದಿಂದ ಎಒಟಿ ಅಥವಾ ಸಿಟಿಎಬಿಯ ಕೊನೆಯ ಕುರುಹನ್ನೂ ತೆಗೆಯುವುದು ಕಷ್ಟ. ಐಸೊಆಕ್ಟೇನ್ ಹೊತ್ತಿಕೊಳ್ಳುವ ದ್ರವ. ಆಹಾರಕ್ಕೂ ಔಷಧಕ್ಕೂ ಅದು ಒಪ್ಪುವ ಸಂಗಾತಿಯಲ್ಲ. ಕೆಲವು ಕಿಣ್ವಗಳನ್ನು ವಿದ್ಯುದಂಶವುಳ್ಳ ಗೋಡೆಯೇ ಕೆಡಿಸುತ್ತದೆ. ಕಿಣ್ವವನ್ನು ಘನವಸ್ತುವಿಗೆ ಅಂಟಿಸಿ ಬಳಸುವ ಸುಲಭ ಮಾರ್ಗ ಅನೇಕ ಕಡೆ ಗೆದ್ದಿದೆ. ಆದ್ದರಿಂದ ವಿಲೋಮ ಮಿಸೆಲ್‌ನ ಹೆಚ್ಚಿನ ಬೆಲೆ ಇಂದಿಗೂ ತಿಳಿವಳಿಕೆಯ ಸಾಧನವಾಗಿಯೇ.

ವೈದ್ಯನು ಕಲಿತ ಪಾಠ

ಆರಂಭದಲ್ಲಿ ಹೇಳಿದ ಪ್ರಸಂಗಕ್ಕೆ ಈಗ ಬರುತ್ತೇನೆ. ಊರಿನಿಂದ ಮಗಳ ಮನೆಗೆ ಬಂದು ನೆಲೆಸಿದ್ದ ಹಿರಿಯರೊಬ್ಬರ ಮೇದೋಜೀರಕ ಗ್ರಂಥಿ ಕಾಯಿಲೆಯಿಂದ ಸೊರಗಿತ್ತು. ಕೊಬ್ಬು ಜೀರ್ಣವಾಗದೆ ತೂಕ ಇಳಿಯುತ್ತಿತ್ತು. ಲೈಪೇಸ್ ಇರುವ ಕ್ಯಾಪ್ಸೂಲುಗಳನ್ನು ಬರೆದುಕೊಟ್ಟೆ. ಅಮೆರಿಕದಲ್ಲಿ ಔಷಧವಾಗಿ ದೊರೆಯುವ ಈ ಕ್ಯಾಪ್ಸೂಲುಗಳು ಹಂದಿಯ ಮೂಲದವು. ಜನ್ಮತಃ ಸಸ್ಯಾಹಾರಿಗಳಾದ ಅವರಿಗೆ ಅದನ್ನು ಮುಚ್ಚಿಡದೆ ಹೇಳಿದೆ. ಬಹಳ ಯೋಚಿಸಿ ಒಪ್ಪಿದರು. ಆದರೂ ಗುಣ ಕಾಣಲಿಲ್ಲ. ನಾನು ಪ್ರಮಾಣ ಹೆಚ್ಚಿಸಿದೆ. ಮತ್ತೊಮ್ಮೆ ಹೆಚ್ಚಿಸಿದೆ. ತೂಕ ಇಳಿಯುತ್ತಲೇ ಹೋಯಿತು.

ಮೂರನೆಯ ಭೇಟಿಯಲ್ಲಿ, ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದೆ: "ಯಾವಾಗ ತೆಗೆದುಕೊಳ್ಳುತ್ತೀರಿ, ರಾಯರೇ?"

"ಊಟವಾಗಿ ಒಂದೂವರೆ ಗಂಟೆ ಬಿಟ್ಟು, ಡಾಕ್ಟರೇ. ಎಲೆಯ ಮುಂದೆ ಕೂತು ಅದನ್ನು ಬಾಯಿಗೆ ಹಾಕಿಕೊಳ್ಳಲು ಮನಸ್ಸು ಬರುವುದಿಲ್ಲ."

ಲೈಪೇಸ್ ಕೆಲಸ ಮಾಡುವುದು ಕೊಬ್ಬಿನ ಹನಿ ನೀರನ್ನು ಮುಟ್ಟುವ ಅಂಚಿನಲ್ಲಿ. ಪಿತ್ತರಸದ ಲವಣಗಳು ಅದನ್ನು ಆ ಅಂಚಿನಿಂದ ತೊಳೆದುಹಾಕದಂತೆ ಕೊಲೈಪೇಸ್ ಎಂಬ ಪುಟ್ಟ ಪ್ರೋಟೀನು ಲಂಗರಿನಂತೆ ಹಿಡಿದಿಡುತ್ತದೆ. ಪಿಎಚ್ 4ಕ್ಕಿಂತ ಕೆಳಗಿಳಿದರೆ ಲೈಪೇಸ್ ಮತ್ತೆ ಚೇತರಿಸದಂತೆ ಕೆಡುತ್ತದೆ. ಆದ್ದರಿಂದಲೇ ಕ್ಯಾಪ್ಸೂಲಿನ ಕಾಳುಗಳಿಗೆ ಆಮ್ಲ ನಿರೋಧಕ ಲೇಪ. ಅನ್ನದೊಡನೆ ಬೆರೆತು ಸಣ್ಣಕರುಳಿಗೆ ಇಳಿದರೆ ಮಾತ್ರ ಅದಕ್ಕೆ ತನ್ನ ನೆಲೆ ಸಿಗುತ್ತದೆ. ಅವರ ಉಪ್ಪಿಟ್ಟು, ಹುಳಿಯನ್ನ, ತುಪ್ಪಗಳು ಮುಂದೆ ಹೋದ ಮೇಲೆ ಬರಿದಾದ ದಾರಿಯಲ್ಲಿ ಕಿಣ್ವ ಒಂಟಿಯಾಗಿ ಸಾಗುತ್ತಿತ್ತು. ನಾನು ಪ್ರಮಾಣವನ್ನು ನೋಡಿದೆ, ನೆಲೆಯನ್ನು ನೋಡಲಿಲ್ಲ. ಔಷಧದ ಮೂಲವನ್ನು ತಿಳಿಸಿದ್ದೆ. ಅದು ಅವರ ಊಟದ ಎಲೆಯ ಬಳಿ ಎಂಥ ಸಂಕಟ ತರಬಹುದೆಂದು ಕೇಳಿರಲಿಲ್ಲ.

ಇಬ್ಬರೂ ಕುಳಿತು ಒಂದು ದಾರಿ ಕಂಡುಕೊಂಡೆವು. ಎಲೆಗೆ ಕೂರುವ ಮುನ್ನ ಅಡುಗೆಮನೆಯಲ್ಲಿ ನಿಂತೇ ಒಂದೆರಡು ತುತ್ತಿನೊಡನೆ ಕ್ಯಾಪ್ಸೂಲು ನುಂಗಿ, ಕೈತೊಳೆದು, ಕೂಡಲೇ ಊಟಕ್ಕೆ ಕೂರುವುದು. ಪ್ರಮಾಣವನ್ನು ಮೊದಲಿನಷ್ಟಕ್ಕೇ ಇಳಿಸಿದೆ. ಕೆಲವು ವಾರಗಳಲ್ಲಿ ತೂಕ ಇಳಿಯುವುದು ನಿಂತಿತು, ಆಮೇಲೆ ನಿಧಾನವಾಗಿ ಏರಿತು.

ಆ ರಾತ್ರಿಗಳಲ್ಲಿ ಲೈಪೇಸ್ ಕುರಿತು ಓದುತ್ತ ಹೋದಾಗಲೇ ಕ್ಲಿಬನೊವ್ ಅವರ ನೂರು ಡಿಗ್ರಿಯ ಲೈಪೇಸೂ, ಮಾಸ್ಕೋದ ಗಂಟೆಯಾಕಾರದ ರೇಖೆಯೂ, ಮೈಸೂರಿನ ಅನಾನಸ್ ದಿಂಡೂ ಸಿಕ್ಕಿದವು. ಕಿಣ್ವದ ಶಕ್ತಿ ಕಿಣ್ವವೊಂದರಲ್ಲಿಯೇ ಇಲ್ಲ. ಅದರ ಸುತ್ತಲಿನ ನೀರು, ಗೋಡೆ, ವಿದ್ಯುದಂಶ, ಹೊತ್ತು ಇವೆಲ್ಲ ಸೇರಿ ಆ ಶಕ್ತಿಯಾಗುತ್ತದೆ. ಮನೆಯಲ್ಲಿ ಹಿರಿಯರು ಇಂಥ ಕ್ಯಾಪ್ಸೂಲು ತೆಗೆದುಕೊಳ್ಳುತ್ತಿದ್ದು ಗುಣ ಕಾಣದಿದ್ದರೆ, ಪ್ರಮಾಣ ಹೆಚ್ಚಿಸಲು ವೈದ್ಯರನ್ನು ಕೇಳುವ ಮೊದಲು, ಅದನ್ನು ಊಟದೊಡನೆ ತೆಗೆದುಕೊಳ್ಳುತ್ತಿದ್ದಾರೆಯೇ, ಇಲ್ಲವಾದರೆ ಏಕೆಂದು ಅವರನ್ನೇ ಮೃದುವಾಗಿ ಕೇಳಿರಿ.